ಒಂದು ಗರಡಿ, ಇಬ್ಬರು ಜಟ್ಟಿಗಳು

ತಿಲಕ್ ನಗರದ ಓಣಿಗಳನ್ನು ಬಲ್ಲವರಿಗೆ ನನ್ನ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ಹೆಜ್ಜೆ ಆಚೆಯ ಜಯನಗರದಲ್ಲಿ ರಸ್ತೆಗೂ ಮರಕ್ಕೂ ಮನುಷ್ಯನಿಗೂ ಸ್ಥಳವಿದೆ. ನಮ್ಮಲ್ಲಿ ಎಲ್ಲವೂ ಒಂದನ್ನೊಂದು ಒತ್ತಿಕೊಂಡೇ ಬಾಳಬೇಕು. ಹಳೆಯ ಮನೆಯ ಮೆಟ್ಟಿಲ ಪಕ್ಕದಲ್ಲಿ ಎರಡು ಮೋಟಾರ್ ಸೈಕಲ್ಲುಗಳು ಇಷ್ಟು ಕಾಲ ಹೇಗೋ ನಿಂತಿದ್ದವು. ಒಂದು ಅಣ್ಣನ ಬುಲೆಟ್, ಇನ್ನೊಂದು ನನ್ನ ಯೆಜ್ಡಿ ರೋಡ್‌ಕಿಂಗ್. ಈಗ ಮನೆಯನ್ನು ಕೆಡವಿ ಕಟ್ಟಿಸುವುದೆಂದಾಗಿದೆ. ಹೊಸ ನಕ್ಷೆಯಲ್ಲಿ ಕಾರಿನ ಜಾಗ ಬಿಟ್ಟರೆ ಉಳಿಯುವುದು ಒಂದೇ ಗಾಡಿಗೆ. ಅಣ್ಣ ತೀರಿಕೊಂಡು ನಾಲ್ಕು ವರ್ಷ. ಯಾವುದನ್ನು ಮಾರಬೇಕೆಂಬುದು ನನ್ನ ತಲೆಗೆ ಬಂದಿದೆ.

ಲೆಕ್ಕದಿಂದ ಇದು ತೀರುವ ವ್ಯಾಜ್ಯವಲ್ಲ. ಬುಲೆಟ್ಟಿನದು ೩೪೬ ಸಿ.ಸಿ., ೧೮ ಅಶ್ವಶಕ್ತಿ. ಯೆಜ್ಡಿಯದು ೨೫೦ ಸಿ.ಸಿ.ಗೆ ತುಸು ಕಡಿಮೆ, ೧೬ ಅಶ್ವಶಕ್ತಿ. ಎರಡು ಕುದುರೆಗಳ ಅಂತರ! ಆದರೆ ಎಳೆಯುವ ರೀತಿಯೇ ಬೇರೆ. ಬುಲೆಟ್ಟಿನ ಉರುಳೆಯಲ್ಲಿ ಎರಡು ಸುತ್ತಿಗೊಮ್ಮೆ ಬೆಂಕಿ ಹೊತ್ತುತ್ತದೆ, ಯೆಜ್ಡಿಯಲ್ಲಿ ಪ್ರತಿ ಸುತ್ತಿಗೂ. ಆದ್ದರಿಂದ ಅದು ಯೋಚಿಸಿ ಯೋಚಿಸಿ ಮಾತಾಡುವ ಹಿರಿಯರಂತೆ; ಇದು ಉಸಿರು ಬಿಡದೆ ಹರಟುವ ಸೋದರಮಾವನಂತೆ. ನಂದಿಬೆಟ್ಟದ ತಿರುವುಗಳಲ್ಲಿ ಅಣ್ಣ ಗೇರು ಇಳಿಸದೆ ಗುಡುಗುಡು ಎಂದು ಹತ್ತಿಬಿಡುತ್ತಿದ್ದ. ನಾನು ಗೇರು ಇಳಿಸಿ, ಕಿವಿ ಹಿಂಡಿ, ನೀಲಿ ಹೊಗೆ ಚೆಲ್ಲಿ ಅವನಿಗಿಂತ ಮುಂಚೆ ಮೇಲಿರುತ್ತಿದ್ದೆ. ಯಾರು ಬಲಶಾಲಿ ಎಂದು ಅಲ್ಲಿಯೂ ತೀರ್ಮಾನವಾಗಲಿಲ್ಲ. ಇಬ್ಬರೂ ತಾನೇ ಗೆದ್ದೆನೆಂದು ಇಳಿಯುತ್ತಿದ್ದೆವು.

ಇವೆರಡರ ಜಾತಕವೂ ಒಂದು ಬಗೆಯಲ್ಲಿ ಹೋಲುತ್ತದೆ. ಎರಡೂ ಹೊರಗಿನಿಂದ ಬಂದು ನಮ್ಮವಾದವು. ಮದರಾಸು ಮೋಟಾರ್ಸ್‌ನವರು ೧೯೫೫ರಲ್ಲಿ ಇಂಗ್ಲೆಂಡಿನ ರೆಡ್ಡಿಚ್ ಕಂಪನಿಯೊಡನೆ ಕೂಡಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿದರು. ೧೯೭೦ರಲ್ಲಿ ತಾಯಿ ಕಂಪನಿಯೇ ಮುಚ್ಚಿತು. ಮಗು ಮಾತ್ರ ಮದರಾಸಿನಲ್ಲಿ ಬದುಕಿತು. ಯೆಜ್ಡಿಯ ಮೂಲ ಜೆಕ್ ದೇಶದ ಜಾವಾ. ಅದು ೧೯೬೧ರಲ್ಲಿ ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಹೆಸರಿನಲ್ಲಿ ಮನೆ ಹೂಡಿತು, ೧೯೭೩ರಲ್ಲಿ ಯೆಜ್ಡಿಯೆಂದು ನಾಮಕರಣ ಮಾಡಿಸಿಕೊಂಡಿತು. ಗರಡಿಗಳ ಊರಿಗೆ ತಕ್ಕ ಗಾಡಿ ಎಂಬ ಅಭಿಮಾನ ನನಗೆ ಈಗಲೂ ಇದೆ. ಆದರೆ ೧೯೯೬ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ೨೦೨೨ರಲ್ಲಿ ಹೆಸರು ಮರಳಿ ಬಂತು, ಹಳೆಯ ಹೊಗೆ ಬರಲಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರಿನಲ್ಲಿ ಹಳೆಯ ಜಾವಾ-ಯೆಜ್ಡಿಗಳು ಸೇರುವುದುಂಟು. ಆ ಗದ್ದಲವನ್ನು ಕೇಳಿದವರು ಅದನ್ನು ಶ್ರಾದ್ಧವೆನ್ನಲಾರರು.

ಎರಡನ್ನೂ ಓಡಿಸುವವನ ಕಾಲಿನ ಪಾಡು ಬೇರೆ. ಅಣ್ಣನ ಬುಲೆಟ್ಟಿಗೆ ಗೇರು ಬಲಕ್ಕೆ, ಬ್ರೇಕು ಎಡಕ್ಕೆ, ಯೆಜ್ಡಿಗೆ ತದ್ವಿರುದ್ಧ. ಯೆಜ್ಡಿಯಲ್ಲಿ ಒದೆಯುವ ಸನ್ನೆಯೇ ತಿರುಗಿ ಗೇರಿನ ಸನ್ನೆಯಾಗುತ್ತದೆ: ಒಬ್ಬನೇ ಆಳು, ಎರಡು ಕೆಲಸ. ಬೆಳಿಗ್ಗೆ ಒಂದನ್ನೂ ಸಂಜೆ ಇನ್ನೊಂದನ್ನೂ ಹತ್ತಿದರೆ ಕಾಲಿಗೆ ಧರ್ಮಸಂಕಟ.

ಅಣ್ಣನ ಮಗನಿಗೆ ಇವೆರಡೂ ನಗೆಪಾಟಲು. ಅವನು ಫೋನಿನಲ್ಲಿ ಇಂಗ್ಲೆಂಡಿನ ಟ್ರಯಂಫ್ ರಾಕೆಟ್ ೩ ಎಂಬುದನ್ನು ತೋರಿಸಿದ. ೨,೪೫೮ ಸಿ.ಸಿ.! ಮೂರು ಮಾರುತಿ ೮೦೦ ಕಾರುಗಳ ಎಂಜಿನ್ನು ಕೂಡಿಸಿದರೂ ಎಪ್ಪತ್ತು ಸಿ.ಸಿ. ಕಡಿಮೆ ಬೀಳುತ್ತದೆ. "ಇದನ್ನು ನಮ್ಮ ಓಣಿಯಲ್ಲಿ ತಿರುಗಿಸುವುದೆಲ್ಲಿ?" ಎಂದೆ. "ತಿರುಗಿಸೋದ್ಯಾಕೆ ಚಿಕ್ಕಪ್ಪ, ನೇರ ಹೋಗಬೇಕು" ಎಂದ. ಆ ವಯಸ್ಸಿನ ಬಲ ಅಂಥದು.

ರಿಪೇರಿಯ ಭಾಯಿಯನ್ನು ಕೇಳಿದೆ. ಅವನು ಎರಡಕ್ಕೂ ಮೂವತ್ತು ವರ್ಷ ಕೈಹಾಕಿದವನು. "ಬುಲೆಟ್ ಯಾರ ಹತ್ರ ಹೋದರೂ ಬದುಕುತ್ತೆ ಸಾರ್, ಸಾಮಾನು ಎಲ್ಲಾ ಕಡೆ ಸಿಗುತ್ತೆ. ಯೆಜ್ಡಿ ಕೊಟ್ಟರೆ ಬಿಚ್ಚಿ ಮಾರ್ತಾರೆ" ಎಂದ. ನ್ಯಾಯವಾದ ಮಾತು. ನನ್ನ ಬುದ್ಧಿ ಒಪ್ಪಿತು. ಆದರೆ ಬುಲೆಟ್ ನನ್ನದಲ್ಲವಲ್ಲ.

ಅತ್ತಿಗೆಯನ್ನು ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು, ಮೊರದಿಂದ ತಲೆಯೆತ್ತಲಿಲ್ಲ. "ಮಾರಿಬಿಡಪ್ಪ. ಅದರ ಸದ್ದು ಕೇಳಿದಾಗಲೆಲ್ಲ ಬಾಗಿಲ ತನಕ ಹೋಗಿಬಿಡ್ತೀನಿ. ಓಣಿಯಲ್ಲಿ ಬೇರೆ ಬುಲೆಟ್ಟುಗಳೇನು ಕಮ್ಮಿಯೇ? ಎಲ್ಲದಕ್ಕೂ ಎದ್ದು ಹೋಗ್ತೀನಿ."

ಕಳೆದ ಭಾನುವಾರ ಮದ್ದೂರಿನ ಕಡೆಯ ಹುಡುಗನೊಬ್ಬ ನೋಡಲು ಬಂದ. ಮೂರು ಸಲ ಒದ್ದ, ಬುಲೆಟ್ ಕದಲಲಿಲ್ಲ. ಡಿಕಂಪ್ರೆಸರ್ ಒತ್ತಿ, ಆಮ್ಮೀಟರಿನ ಮುಳ್ಳು ನಡುವಿಗೆ ಬರುವ ತನಕ ಮೆಲ್ಲಗೆ ಇಳಿಸಿ, ಆಮೇಲೆ ಒದೆಯಬೇಕೆಂದು ಹೇಳಿಕೊಟ್ಟೆ. ನಾಲ್ಕನೆಯ ಒದೆತಕ್ಕೆ ಎದ್ದಿತು. ಓಣಿಯೆಲ್ಲ ತುಂಬಿತು. ಅತ್ತಿಗೆ ಬಾಗಿಲಿಗೆ ಬಂದು ನಿಂತರು; ಸೆರಗಿನಲ್ಲಿ ಕೈ ಒರಸಿಕೊಂಡು ಹುಡುಗನನ್ನು ಸ್ವಲ್ಪ ಹೊತ್ತು ನೋಡಿದರು. "ಹೆಲ್ಮೆಟ್ ಹಾಕ್ಕೊಳ್ತೀಯೇನಪ್ಪ?" ಎಂದು ಕೇಳಿದರು. ಹಾಕ್ಕೊಳ್ತೀನಮ್ಮ ಎಂದ. ಕಾಫಿ ಕುಡಿದು ಹೋಗೆಂದು ಒಳಗೆ ಕರೆದರು.