ಸೋರಿಹೋದ ತಂಪು

ಕಲಬುರಗಿ ಸೀಮೆಯ ಬೇಸಿಗೆಯನ್ನು ಉಂಡವರಿಗೆ ಅದರ ವರ್ಣನೆ ಬೇಕಿಲ್ಲ. ಉಣ್ಣದವರಿಗೆ ವರ್ಣನೆಯಿಂದ ಅದು ತಿಳಿಯುವಂತೆಯೂ ಇಲ್ಲ. ಮೇ ತಿಂಗಳಲ್ಲಿ ಉಷ್ಣಮಾನವು 42 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಲ್ಲಿ ಅದೊಂದು ಸುದ್ದಿಯಲ್ಲ. ಅಂಥ ಬಿಸಿಲಿನಲ್ಲಿ ಸೇಡಂನ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ವಾರಕ್ಕೆ ಎರಡು ಸಲ ತಮ್ಮ ಧರ್ಮಪತ್ನಿಯನ್ನು ಡಯಾಲಿಸಿಸ್ ಚಿಕಿತ್ಸೆಗಾಗಿ ಕಲಬುರಗಿಗೆ ಕರೆದೊಯ್ಯಬೇಕಾಗಿತ್ತು. ಹೋಗುವುದು ನಸುಕಿನಲ್ಲಿ, ಅದು ಹೇಗೋ ಸಾಗುತ್ತಿತ್ತು. ನಾಲ್ಕು ತಾಸಿನ ಚಿಕಿತ್ಸೆ ಮುಗಿಸಿ ಮರಳುವುದು ನಡುಮಧ್ಯಾಹ್ನದಲ್ಲಿ. ಆ ದಣಿದ ಜೀವಕ್ಕೆ ಬಾಯಾರಿಕೆ ತೀರುವಷ್ಟು ನೀರು ಕುಡಿಯುವ ಸ್ವಾತಂತ್ರ್ಯವೂ ಇರಲಿಲ್ಲ; ವೈದ್ಯರು ಅಳೆದು ಹೇಳಿದಷ್ಟೇ ನೀರು. ಇಂಥವರ ಪಾಲಿಗೆ ಕಾರಿನ ಹವಾನಿಯಂತ್ರಣವು ಭೋಗವೆಂದು ಯಾರೂ ಹೇಳಲಾರರು.

ಅದು ಕೆಟ್ಟಿತು. ಗುಂಡಿಯನ್ನು ಎಷ್ಟು ತಿರುಗಿಸಿದರೂ ಒಲೆಯ ಬಾಯಿಂದ ಬಂದಂಥ ಗಾಳಿಯೇ ಮುಖಕ್ಕೆ ರಾಚತೊಡಗಿತು. ನಗರದ ದುರಸ್ತಿ ಮಳಿಗೆಯೊಂದರಲ್ಲಿ ತೋರಿಸಿದಾಗ, "ಗ್ಯಾಸ್ ಮುಗಿದದ" ಎಂದರು. ಉಳಿದಿದ್ದ ಅನಿಲವನ್ನು ಬುಸ್ಸೆಂದು ಬಯಲಿಗೆ ಬಿಟ್ಟು, ಹೊಸದನ್ನು ತುಂಬಿ, ಹಣ ಪಡೆದರು. ಮೂರು ವಾರ ತಂಪಾಯಿತು. ನಾಲ್ಕನೆಯ ವಾರ ಮತ್ತೆ ಅದೇ ಬಿಸಿಗಾಳಿ, ಮತ್ತೆ ಅದೇ ಮಾತು, ಮತ್ತೆ ಅದೇ ಬುಸ್ಸೆಂಬ ಸದ್ದು. ಎರಡು ತಿಂಗಳಲ್ಲಿ ಎರಡು ಸಲ ಅನಿಲ ತುಂಬಿಸಿದ್ದಾಯಿತು. ಮರುದಾರಿಯಲ್ಲಿ ಆ ತಾಯಿ ಒದ್ದೆ ಬಟ್ಟೆಯನ್ನು ತಲೆಯ ಮೇಲೆ ಹಾಕಿಕೊಂಡು, ಒಂದು ಮಾತೂ ಆಡದೆ ಕಿಟಕಿಗೆ ಒರಗಿ ಕೂಡುತ್ತಿದ್ದರು. ಆ ಮೌನವೇ ಶಿಕ್ಷಕರನ್ನು ಹೆಚ್ಚು ಬಾಧಿಸುತ್ತಿತ್ತು.

ಮೂರನೆಯ ಸಲ ಅವರು ಊರ ಹೊರಗಿನ, ತಗಡಿನ ಚಾವಣಿಯ ಗ್ಯಾರೇಜಿಗೆ ಹೋದರು. ಅಲ್ಲಿಯ ಮೆಕ್ಯಾನಿಕ್ ಒಂದು ಕಾಲಕ್ಕೆ ಶ್ರೀಮಠದ ಪ್ರಸಾದ ನಿಲಯದಲ್ಲಿದ್ದು ಅವರ ಕೈಯಲ್ಲೇ ಕಲಿತವನು. ಆತ ಗುರುತಿಸಿದನು, ಶಿಕ್ಷಕರಿಗೆ ಗುರುತು ಹತ್ತಲಿಲ್ಲ. "ಗ್ಯಾಸ್ ಮುಗಿದಿರಬೇಕು, ನೋಡಪ್ಪಾ" ಎಂದು ಅವರೇ ರೋಗವನ್ನೂ ಹೇಳಿದರು.

"ಅದೇನು ಪೆಟ್ರೋಲ್ ಅಲ್ಲಲ್ರಿ ಸರ್, ಖರ್ಚಾಗ್ಲಿಕ್ಕೆ. ಕಡಿಮಿ ಆಗ್ಯಾದ ಅಂದ್ರ ಎಲ್ಲೋ ಸೋರ್ಲಿಕತ್ತದ."

ಶಿಕ್ಷಕರು ಪೆಚ್ಚಾದರು. ಗುಪ್ತೋಷ್ಣದ ಪಾಠವನ್ನು ಅವರು ಮೂವತ್ತು ವರ್ಷ ಹೇಳಿದವರು. ಪ್ರತಿ ವರ್ಷವೂ ಮಣ್ಣಿನ ಕೊಡದ ದೃಷ್ಟಾಂತ ಕೊಟ್ಟವರು. ಕೊಡದ ನೀರು ಆವಿಯಾಗಿ ಹೋಗುತ್ತದೆ, ಹೋಗುವಾಗ ಉಷ್ಣವನ್ನು ಒಯ್ಯುತ್ತದೆ, ಆದ್ದರಿಂದ ಕೊಡವನ್ನು ಮತ್ತೆ ತುಂಬಬೇಕು. ಕಾರಿನೊಳಗೆ ನಡೆಯುವುದೂ ಆವಿಯಾಗುವ ಕ್ರಿಯೆಯೇ. ಆದರೆ ಅಲ್ಲಿ ಆವಿ ಎಲ್ಲಿಗೂ ಹೋಗುವುದಿಲ್ಲ. 134ಎ ಎಂಬ ಆ ಅನಿಲವು ಸಾಮಾನ್ಯ ಒತ್ತಡದಲ್ಲಿ ಶೂನ್ಯಕ್ಕಿಂತ ಕೆಳಗೆ 26 ಡಿಗ್ರಿಯಲ್ಲಿಯೇ ಕುದಿಯತಕ್ಕದ್ದು. ಕಂಪ್ರೆಸರ್ ಅದನ್ನು ಒತ್ತುತ್ತದೆ. ರೇಡಿಯೇಟರಿನ ಮುಂದಿನ ಜಾಲರಿಯಲ್ಲಿ ಅದು ಉಷ್ಣವನ್ನು ಹೊರಗೆ ಚೆಲ್ಲಿ ದ್ರವವಾಗುತ್ತದೆ. ಕಿರಿದಾದ ಕವಾಟವನ್ನು ದಾಟಿ, ಡ್ಯಾಶ್‌ಬೋರ್ಡಿನ ಹಿಂದಿನ ಸುರುಳಿಯಲ್ಲಿ ಕುದಿದು, ಒಳಗಿನ ಗಾಳಿಯ ಬಿಸಿಯನ್ನು ಹೀರಿ, ಮತ್ತೆ ಕಂಪ್ರೆಸರಿಗೆ ಮರಳುತ್ತದೆ. ಹನಿಯೂ ವೆಚ್ಚವಾಗದು. ಬಿಸಿಲಿನ ಭರದಲ್ಲಿ ಶಿಕ್ಷಕರು ಕಾರನ್ನೂ ಕೊಡವೆಂದೇ ಭಾವಿಸಿಬಿಟ್ಟಿದ್ದರು.

ಮೆಕ್ಯಾನಿಕ್ ಸಿಲಿಂಡರನ್ನು ಮುಟ್ಟಲೇ ಇಲ್ಲ. ಎಂಜಿನ್ ಚಾಲೂ ಮಾಡಿಸಿ, ಏಸಿ ಗುಂಡಿ ಒತ್ತಿಸಿ, ಕಿವಿಗೊಟ್ಟು ನಿಂತನು. ಕಂಪ್ರೆಸರಿನ ಕ್ಲಚ್ ಹಿಡಿಯುವಾಗ ಬರಬೇಕಾದ 'ಟಕ್' ಎಂಬ ಸದ್ದು ಬರಲಿಲ್ಲ. ಒತ್ತಡ ತೀರ ಇಳಿದಾಗ ಒಂದು ಸ್ವಿಚ್ಚು ಅದನ್ನು ತಡೆಯುತ್ತದೆ. ಕಂಪ್ರೆಸರಿನ ಎಣ್ಣೆ ಅನಿಲದೊಡನೆಯೇ ಸುತ್ತುವುದರಿಂದ, ಅನಿಲವಿಲ್ಲದೆ ತಿರುಗಿದರೆ ಅದು ಸುಟ್ಟುಹೋದೀತು. ಬಳಿಕ ಟಾರ್ಚು ಹಿಡಿದು ಕೊಳವೆಗಳ ಉದ್ದಕ್ಕೂ ಬೆರಳಾಡಿಸಿದನು. ಒಂದು ಜೋಡಣೆಯ ಬಳಿ ಧೂಳು ಜಿಡ್ಡಾಗಿ ಅಂಟಿಕೊಂಡಿತ್ತು. ನೈಟ್ರೋಜನ್ ತುಂಬಿ ಸೋಪಿನ ನೀರು ಹಚ್ಚಿದಾಗ ಅಲ್ಲಿಯೇ ಗುಳ್ಳೆಗಳೆದ್ದವು. ದೋಷವೆಂದರೆ ಕಿರುಬೆರಳಿನ ಉಂಗುರದಷ್ಟು ದೊಡ್ಡ ರಬ್ಬರ್ ಬಳೆ! ಅದನ್ನು ಬದಲಿಸಿ, ಪಂಪಿನಿಂದ ಅರ್ಧ ತಾಸು ಒಳಗಿನ ಗಾಳಿ ಮತ್ತು ತೇವವನ್ನು ಎಳೆದು, ಪಂಪು ನಿಲ್ಲಿಸಿ ಮುಳ್ಳನ್ನೇ ನೋಡುತ್ತ ಕುಳಿತನು. ಮುಳ್ಳು ಅಲುಗಲಿಲ್ಲ. ಅನಂತರವೇ ಸಿಲಿಂಡರನ್ನು ತೂಕದ ಯಂತ್ರದ ಮೇಲಿರಿಸಿ, ಬಾನೆಟ್ಟಿನ ಒಳಗಿನ ಚೀಟಿಯಲ್ಲಿ ನಮೂದಿಸಿದಷ್ಟೇ ಅನಿಲವನ್ನು ತುಂಬಿದನು. ಹೆಚ್ಚಾದರೂ ತಂಪು ಕೆಡುತ್ತದೆಯೆಂಬುದು ಶಿಕ್ಷಕರಿಗೆ ಹೊಸ ಪಾಠ. ಕೂಲಿಯನ್ನು ಆತ ಸಂಕೋಚವಿಲ್ಲದೆ ಕೇಳಿ ಪಡೆದನು, ಗುರುಗಳೆಂದು ಬಿಟ್ಟುಕೊಡಲಿಲ್ಲ. ಅದು ಸರಿಯೇ.

ಮನೆಗೆ ಬಂದ ಮೇಲೂ ಶಿಕ್ಷಕರಿಗೆ ಆ ಎರಡು ಸಲದ ಬುಸ್ಸೆಂಬ ಸದ್ದು ಮರೆಯಲಿಲ್ಲ. ಹಿಂದಿನ ಆರ್-12 ಅನಿಲದಂಥವು ಓಝೋನ್ ಪದರವನ್ನು ಕೊರೆಯುತ್ತವೆಂದು ಮೊಲೀನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದುದನ್ನೂ, 1987ರ ಮಾಂಟ್ರಿಯಲ್ ಒಪ್ಪಂದವನ್ನೂ ಅವರು ತರಗತಿಯಲ್ಲಿ ಹೇಳಿದವರು. 134ಎ ಓಝೋನನ್ನು ಕೆಡಿಸದು, ನಿಜ. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಭೂಮಿಯನ್ನು ಕಾಯಿಸುತ್ತದೆ; ಅಂಥ ಅನಿಲಗಳನ್ನು ತಗ್ಗಿಸಲು 2016ರಲ್ಲಿ ಕಿಗಾಲಿಯಲ್ಲಿ ರಾಷ್ಟ್ರಗಳು ಒಪ್ಪಿದವು. ಇಷ್ಟೆಲ್ಲ ಬಲ್ಲವರು ಪಕ್ಕದಲ್ಲಿಯೇ ನಿಂತು, ಎರಡು ಸಲವೂ ಬೇಡವೆನ್ನಲಿಲ್ಲ.

ಮರುವಾರ ಚಿಕಿತ್ಸೆ ಮುಗಿಸಿ ಮರಳುವಾಗ ಹೊರಗೆ ರಸ್ತೆಯ ಡಾಂಬರು ಮಿನುಗುತ್ತಿತ್ತು. ಅರ್ಧ ದಾರಿಯಲ್ಲಿ ಆ ತಾಯಿ ತಲೆಯ ಮೇಲಿನ ಒದ್ದೆ ಬಟ್ಟೆಯನ್ನು ತೆಗೆದು ಮಡಚಿಟ್ಟು, "ತುಸು ಕಡಿಮಿ ಮಾಡ್ರಿ, ಥಂಡಿ ಹತ್ತಲಿಕತ್ತದ" ಎಂದರು. ಮನೆ ಮುಟ್ಟಿದ ಮೇಲೆ ಶಿಕ್ಷಕರು ಬಾನೆಟ್ಟನ್ನೆತ್ತಿ, ಆ ಜೋಡಣೆಯನ್ನು ಬಿಳಿಯ ಬಟ್ಟೆಯಿಂದ ಒರೆಸಿ ನೋಡಿದರು. ಜಿಡ್ಡು ಅಂಟಲಿಲ್ಲ.