ಕೀಲು ತಪ್ಪಿಸಿ ಬಿಚ್ಚಿದ ಮನೆಗಳು

ಎಂಬತ್ತರ ದಶಕದಲ್ಲಿ ನಮ್ಮ ಪಡುಬಿದ್ರಿ ಸುತ್ತಮುತ್ತ ಹಳೆಮನೆ ಮುರಿಯುವುದೇ ಒಂದು ಕಸುಬಾಗಿತ್ತು. 1974ರ ಭೂಸುಧಾರಣೆಯಿಂದ ಉಳುವವರಿಗೆ ಭೂಮಿ ಸಿಕ್ಕಿತು, ಅದು ನ್ಯಾಯವೇ. ಆದರೆ ಗೇಣಿ ಅಕ್ಕಿಯ ಬಲದಲ್ಲಿ ನಿಂತಿದ್ದ ದೊಡ್ಡ ಮನೆಗಳಿಗೆ ಮಳೆಗಾಲಕ್ಕೆ ಮೊದಲು ಮಾಡು ರಿಪೇರಿ ಮಾಡಿಸುವ ಶಕ್ತಿ ಉಳಿಯಲಿಲ್ಲ. ಮಕ್ಕಳು ಮುಂಬಯಿ ಸೇರಿದ್ದರು. ಪಾಲಾದ ಮನೆಗೆ ದಿಕ್ಕಿರಲಿಲ್ಲ. ಮರದ ವ್ಯಾಪಾರಿ ಕಂಬ, ಬಾಗಿಲು, ಮುಚ್ಚಿಗೆ ಎಲ್ಲಕ್ಕೂ ಒಟ್ಟಿಗೆ ದರ ಹೇಳುತ್ತಿದ್ದ. ಕೆತ್ತನೆಯ ತುಂಡುಗಳು ಲಾರಿ ಏರುತ್ತಿದ್ದವು, ಉಳಿದವು ಬಚ್ಚಲ ಒಲೆ ಸೇರುತ್ತಿದ್ದವು. ಆ ಜಾಗದಲ್ಲಿ ಟೆರೇಸ್ ಮನೆ ಏಳುತ್ತಿತ್ತು.

ಒಮ್ಮೆ ಹೀಗೆ ಮುರಿಯುವಾಗ ವಯಸ್ಸಾದ ಆಚಾರಿಯೊಬ್ಬರು, “ಹಾರೆ ಹಾಕಬೇಡಿ ಮಾರಾಯ್ರೆ, ಕೀಲು ತಪ್ಪಿಸಿದರೆ ತಾನೇ ಬಿಚ್ಚಿಕೊಳ್ಳುತ್ತದೆ” ಎಂದು ಕೂಗಿ ಹೇಳಿದ್ದರು. ಯಾರೂ ಕೇಳಲಿಲ್ಲ.

ಕೇಳುವವರೊಬ್ಬರು ಮಣಿಪಾಲದಲ್ಲಿದ್ದರು. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಮೊದಲು ಹಳೆಮನೆಗಳ ಕಂಬ, ಬಾಗಿಲು ಕೂಡಿಸಿ ತಮ್ಮ ಮನೆ ‘ಹಸ್ತಶಿಲ್ಪ’ ಕಟ್ಟಿದರು. ಬಳಿಕ ಇಡೀ ಮನೆಗಳನ್ನೇ ಬಿಚ್ಚಿಸಿ ತಂದು, ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿ ಹೆರಿಟೇಜ್ ವಿಲೇಜ್ ಕಟ್ಟಿದರು. ಅಲ್ಲಿ ಇಂದು ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರು, ಕುಂದಾಪುರ ಕಡೆಯ ಹರ್ಕೂರು ಮನೆ ಒಂದೇ ಬೀದಿಯ ನೆರೆಹೊರೆಯವು.

ಅಲ್ಲಿ ನನ್ನ ಕಾಲು ನಿಂತದ್ದು 1816ರ ಕುಂಜೂರು ಚೌಕಿಮನೆಯಲ್ಲಿ. ನಾಲ್ಕೂ ಕಡೆಯ ಮಾಡು ನಡುವಿನ ತೆರೆದ ಅಂಗಳಕ್ಕೆ ಬಾಗಿದೆ. ಬೆಳಕು, ಗಾಳಿ, ಮಳೆನೀರು ಮೂರಕ್ಕೂ ಅದೇ ದಾರಿ. ಕಂಬಕ್ಕೆ ತೊಲೆ ಕೂತ ಜಾಗದಲ್ಲಿ ಬೆರಳಾಡಿಸಿದೆ. ಸಂದಿಯೇ ಸಿಗಲಿಲ್ಲ. ಹೀಗೆ ಮರ ಕೂಡಿಸಿದವರ ಹೆಸರು ಎಲ್ಲೂ ಬರೆದಿಟ್ಟಿಲ್ಲ, ಅವರ ವಿದ್ಯೆ ಮಾತ್ರ ಕಣ್ಣೆದುರಿಗಿದೆ.

ಊರು ಬಿಟ್ಟು ಬಂದ ಮನೆಗೆ ತನ್ನ ಗದ್ದೆ, ಬಾವಿ, ದೈವದ ಗುಡಿ ಜೊತೆಗೆ ಬರುವುದಿಲ್ಲ. ಆ ನಷ್ಟ ದೊಡ್ಡದು. ಆದರೂ ಮನೆಯನ್ನು ಬಿಚ್ಚಿ ಮತ್ತೆ ಜೋಡಿಸುವಾಗ ಕಟ್ಟಿದವರ ಲೆಕ್ಕಾಚಾರ ಇನ್ನೊಂದು ತಲೆಮಾರಿನ ಆಚಾರಿಗಳ ಕೈಗೆ ಬರುತ್ತದೆ. ಚಿತ್ರ, ಫೋಟೊಗಳಿಂದ ಅದು ಸಿಗುವುದಿಲ್ಲ.

ಶೆಣೈ 2017ರಲ್ಲಿ ತೀರಿಕೊಂಡರು. ಕಾಪು, ಕಾರ್ಕಳ ಕಡೆ ಇಂಥ ಮನೆಗಳು ಇನ್ನೂ ಇವೆ. ಎಲ್ಲವನ್ನೂ ಉಳಿಸಲಾಗದು. ಆದರೆ ಮುರಿಯಲೇಬೇಕೆಂದಾಗ ಮೊದಲು ನಕ್ಷೆ ಬರೆಸಿ, ತುಂಡುಗಳಿಗೆ ಗುರುತು ಹಾಕಿಸಿ, ಕಲಿಯುವ ಹುಡುಗರನ್ನು ಹಿರಿಯ ಆಚಾರಿಯ ಪಕ್ಕದಲ್ಲಿ ನಿಲ್ಲಿಸಿ ಬಿಚ್ಚಿಸಬಹುದು. ಅಷ್ಟು ಮಾಡುವುದು ಪ್ರತಿ ಮನೆತನಕ್ಕೂ ಸಾಧ್ಯ.