ರಾತ್ರಿ ಬರುವ ಟಿಪ್ಪರ್ ಯಾರದು?

ವರ್ತೂರು, ಸರ್ಜಾಪುರದ ಕಡೆ ಸುದ್ದಿಗೆ ಹೋದಾಗೆಲ್ಲ ಕೆರೆ ಅಂಚಲ್ಲಿ, ರಾಜಕಾಲುವೆ ಪಕ್ಕ ಒಡೆದ ಇಟ್ಟಿಗೆ, ಕಾಂಕ್ರೀಟು, ಟೈಲ್ಸ್ ಚೂರಿನ ಗುಡ್ಡೆ ನೋಡುತ್ತೇವೆ. ಯಾರು ಸುರಿದರು ಅಂದರೆ, "ರಾತ್ರಿ ಟಿಪ್ಪರ್ ಬಂದಿತ್ತು ಸಾರ್" ಅನ್ನುತ್ತಾರೆ. ಅಲ್ಲಿಗೆ ನಮ್ಮ ಸುದ್ದಿಯೂ ನಿಲ್ಲುತ್ತದೆ.

ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಲ್ಲಿ ಹೊಸ ನಿಯಮ ಹೊರಡಿಸಿತು. ಜಾರಿ 2026ರ ಏಪ್ರಿಲ್ 1ರಿಂದ. ಅದರ ಪ್ರಕಾರ ಹೊಣೆ ಟಿಪ್ಪರ್ ಡ್ರೈವರನದಲ್ಲ, ಕಟ್ಟಡ ಕಟ್ಟಿಸುವವರದು. ಅವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ತಮ್ಮ ತ್ಯಾಜ್ಯದಲ್ಲಿ ಗೊತ್ತುಪಡಿಸಿದಷ್ಟು ಪಾಲು ಮರುಬಳಕೆಯಾಗಿದೆ ಎಂಬುದಕ್ಕೆ ಮರುಬಳಕೆ ಘಟಕದ ಸರ್ಟಿಫಿಕೇಟ್ ತೋರಿಸಬೇಕು. ಒಡೆದ ಕಾಂಕ್ರೀಟನ್ನು ಪುಡಿ ಮಾಡಿ ಜಲ್ಲಿ, ಮರಳು, ಫುಟ್‌ಪಾತ್ ಬ್ಲಾಕ್ ಮಾಡಬಹುದು. ಎಸೆಯುವ ವಸ್ತುವೇ ಅಲ್ಲ ಅದು.

ಆದರೆ ಈ ಹೊಣೆ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳಿಗೆ ಮಾತ್ರ. ನಮ್ಮ ಲೆಕ್ಕದಲ್ಲಿ ಸುಮಾರು 2.15 ಲಕ್ಷ ಚದರಡಿ. ವೈಟ್‌ಫೀಲ್ಡಿನ ಟೆಕ್ ಪಾರ್ಕು, ದೊಡ್ಡ ಅಪಾರ್ಟ್‌ಮೆಂಟು ಸಿಕ್ಕಿಬೀಳುತ್ತವೆ. ಪೀಣ್ಯದ ಸಣ್ಣ ಶೆಡ್ಡು, 30x40 ಸೈಟಿನ ಹಳೇ ಮನೆ ಒಡೆದರೆ ಸಿಗುವುದಿಲ್ಲ. ಊರಂಚಿಗೆ ಬರುವ ಒಂದೆರಡು ಲೋಡು ಇಂಥ ಕಡೆಯದೇ ಆಗಿದ್ದರೆ ಹೊಸ ನಿಯಮದಿಂದ ನಮಗೇನು ಸಿಕ್ಕಿತು?

ಇನ್ನೊಂದು ಮಾತು, ಬೇಜಾರಾದರೂ ಹೇಳಲೇಬೇಕು. ತಗ್ಗು ಹೊಲ ತುಂಬಿಸಿಕೊಳ್ಳಲು ನಮ್ಮವರೇ ಟಿಪ್ಪರ್ ಕರೆಸುವುದುಂಟು. ನೆಲ ಸಮವಾಗುತ್ತದೆ, ಆಮೇಲೆ ಅಲ್ಲಿ ನೇಗಿಲು ಇಳಿಯುವುದಿಲ್ಲ.

ನಿಮ್ಮೂರಿಗೆ ಲೋಡು ಬಂದರೆ ಗಾಡಿ ನಂಬರು, ಹೊತ್ತು, ಜಾಗ ಕಾಣುವಂತೆ ಫೋಟೊ ತೆಗೆದಿಡಿ. ಯಾವ ಕಟ್ಟಡದ್ದು ಅಂತ ಡ್ರೈವರನನ್ನು ಕೇಳಿ. ಆ ಹೆಸರು ಸಿಕ್ಕರೆ ಮುಂದಿನ ಪ್ರಶ್ನೆ ನಾವು ಕೇಳುತ್ತೇವೆ.